ಎಲ್ಲ ಕಾಲದ ದಿಗ್ಗಜರು ಒಂದೇ ಲೀಗಿನಲ್ಲಿ: ಬೇಸ್‌ಬಾಲ್ ಸಿಮ್ಯುಲೇಷನ್ ಸಜ್ಜು ಮಾಡುವ ಕ್ರಮ

ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಎಂಬ ಕಂಪ್ಯೂಟರ್ ಆಟದಲ್ಲಿ ಬೇರೆಬೇರೆ ಕಾಲದ ಬೇಬ್ ರುತ್, ವಿಲ್ಲಿ ಮೇಸ್, ಬ್ಯಾರಿ ಬಾಂಡ್ಸ್ ಮೂವರನ್ನೂ ಒಂದೇ ಲೀಗಿಗೆ ತರುವುದು ಕಷ್ಟವಲ್ಲ. ಆದರೆ ಸ್ಕೋರು ನಂಬುವ ಹಾಗಿರಬೇಕಾದರೆ ಡ್ರಾಫ್ಟಿಗೆ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ) ಮೊದಲೇ ಕಾಲದ ಲೆಕ್ಕ ಸರಿಮಾಡಿಕೊಳ್ಳಬೇಕು.

ಎಂಟು ತಂಡ ಸಾಕು. ಬೆಳಗಾವಿ, ಗೋಕಾಕ, ಚಿಕ್ಕೋಡಿ, ಅಥಣಿ ಒಂದು ಗುಂಪು. ವಿಜಯಪುರ, ಬಾಗಲಕೋಟೆ, ಜಮಖಂಡಿ, ಇಳಕಲ್ ಇನ್ನೊಂದು. ತಂಡಕ್ಕೆ 26ರಂತೆ 208 ಆಟಗಾರರು. ಹದಿನಾರು ತಂಡ ಮಾಡಿದರೆ ಮೊದಲು ಕೈಕೊಡುವುದು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಜಾಗ: ಜಾನಿ ಬೆಂಚ್, ಯೋಗಿ ಬೆರಾ, ಜೋಶ್ ಗಿಬ್ಸನ್, ಮೈಕ್ ಪಿಯಾಝಾ ಇಂಥವರು ಖಾಲಿಯಾದ ಮೇಲೆ ಮಟ್ಟ ಥಟ್ಟನೆ ಇಳಿಯುತ್ತದೆ.

ಈಗ ಮುಖ್ಯ ಕೆಲಸ. 1913ರಲ್ಲಿ ಫ್ರಾಂಕ್ ಬೇಕರ್ ಬರೀ 12 ಹೋಮ್‌ರನ್ (ಬೇಲಿ ದಾಟುವ ಹೊಡೆತ) ಹೊಡೆದು, ಅಲ್ಲಿನ ಎರಡು ಮುಖ್ಯ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿಗೇ ಮೊದಲಿಗರಾದರು. 2001ರಲ್ಲಿ ಬಾಂಡ್ಸ್ ಹೊಡೆದದ್ದು 73. ಅಂಕಿಗಳನ್ನು ಇದ್ದಹಾಗೇ ತುಂಬಿದರೆ ಬೇಕರ್ ಬೆಂಚಿನಲ್ಲೇ ಕೂರುತ್ತಾರೆ. ಚೆಂಡೆಸೆಯುವ ಪಿಚರ್‌ಗಳಲ್ಲಿ ಇದು ತಿರುವುಮುರುವು. 1968ರಲ್ಲಿ ಬಾಬ್ ಗಿಬ್ಸನ್ ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ಸರಾಸರಿ ರನ್; ಕಡಿಮೆಯಿದ್ದಷ್ಟೂ ಒಳ್ಳೆಯದು) 1.12, ಅದೇ ವರ್ಷ ಅಮೆರಿಕನ್ ಲೀಗಿನ ಅಗ್ರ ಬ್ಯಾಟಿಂಗ್ ಸರಾಸರಿ .301 (ನೂರು ಯತ್ನಕ್ಕೆ ಸುಮಾರು 30 ಹಿಟ್) ಮಾತ್ರ. ಮರುವರ್ಷ ಪಿಚರ್ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಿದರು. ಆದ್ದರಿಂದ ಆಟಗಾರರನ್ನು ತರುವಾಗ ಅಂಕಿಗಳನ್ನು ಕಾಲಕ್ಕೆ ತಕ್ಕಂತೆ ಹೊಂದಿಸುವ ಆಯ್ಕೆಯನ್ನು ಆನ್ ಮಾಡಿ. ಲೀಗಿನ ಆಧಾರಕ್ಕೆ 1985ರಂಥ, ಹೊಡೆತ-ಎಸೆತ ಸಮತೂಕದ ಒಂದು ವರ್ಷ ಹಿಡಿಯಿರಿ. ವರ್ಷವರ್ಷಕ್ಕೂ ಆಧಾರ ತಾನೇ ಬದಲಾಗುವ ಆಯ್ಕೆ ಆಫ್ ಇರಲಿ, ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ರೇಟಿಂಗಿಗೆ ಯಾವ ಅವಧಿ? ಇಡೀ ವೃತ್ತಿಜೀವನ ಹಿಡಿದರೆ ಸ್ಯಾಂಡಿ ಕೋಫ್ಯಾಕ್ಸ್‌ಗೆ ಅನ್ಯಾಯ: 1962ರಿಂದ 1966ರವರೆಗಿನ ಐದು ವರ್ಷ ನ್ಯಾಷನಲ್ ಲೀಗಿನಲ್ಲಿ ಅವರದೇ ಕನಿಷ್ಠ ಇಆರ್‌ಎ, ಅದಕ್ಕೂ ಮುಂಚಿನ ವರ್ಷಗಳು ಸಾಧಾರಣ. ಒಂದೇ ಉತ್ತಮ ಋತು ಹಿಡಿದರೆ ನಲವತ್ತು ಸಲ ಬ್ಯಾಟ್ ಹಿಡಿದು .400 ದಾಟಿದವನೂ ದಿಗ್ಗಜನಾಗುತ್ತಾನೆ. ಮೂರು ವರ್ಷದ ಸರಾಸರಿಯೇ ಚಲೋ. 1893ಕ್ಕೆ ಮೊದಲಿನ ಪಿಚಿಂಗ್ ಋತುಗಳನ್ನು ಬಿಟ್ಟುಬಿಡಿ. ಆಗಿನ್ನೂ ಪಿಚರ್‌ನಿಂದ ಬ್ಯಾಟರ್‌ಗಿರುವ ದೂರ 60 ಅಡಿ 6 ಇಂಚು ಆಗಿರಲಿಲ್ಲ. 1884ರಲ್ಲಿ ಓಲ್ಡ್ ಹಾಸ್ ರ‍್ಯಾಡ್‌ಬರ್ನ್ ಒಬ್ಬರೇ 670ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿದ್ದರು. ಅಂಥ ದಮ್ಮಿನ ಪಿಚರ್ ಇರುವ ತಂಡವನ್ನು ಯಾರೂ ಹಿಡಿಯಲಾರರು.

ವಯಸ್ಸಾಗುವುದು, ನಿವೃತ್ತಿ ಎರಡನ್ನೂ ಆಫ್ ಮಾಡಿ. ಮೈದಾನಗಳ ಪಾರ್ಕ್ ಫ್ಯಾಕ್ಟರ್ (ಮೈದಾನ ಸ್ಕೋರನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಪ್ರಮಾಣ) ಎಲ್ಲ ಕಡೆ 1.000 ಇರಲಿ. ಎತ್ತರದ ಊರೆಂದು ಬೆಳಗಾವಿಗೆ ಹೋಮ್‌ರನ್ ಹೆಚ್ಚಿಸುವ ಆಸೆ ಬರಬಹುದು. ತೆಳುಗಾಳಿಯಲ್ಲಿ ಚೆಂಡು ದೂರ ಹಾರುವ ಅಮೆರಿಕದ ಡೆನ್ವರ್ 1,600 ಮೀಟರಿನಲ್ಲಿದೆ, ಬೆಳಗಾವಿ ಅದರ ಅರ್ಧದಷ್ಟೂ ಇಲ್ಲ.

ಡ್ರಾಫ್ಟಿನಲ್ಲಿ ಪಾಳಿ ಪ್ರತಿ ಸುತ್ತಿಗೂ ತಿರುಗಲಿ: ಮೊದಲ ಸುತ್ತಿನಲ್ಲಿ ಎಂಟನೆಯವರು ಎರಡನೆಯದರಲ್ಲಿ ಮೊದಲಿಗರು. ಕ್ಯಾಚರ್, ಶಾರ್ಟ್‌ಸ್ಟಾಪ್‌ಗಳನ್ನು (ಎರಡನೇ, ಮೂರನೇ ಬೇಸ್ ನಡುವೆ ಕಾಯುವವರು) ಬೇಗ ಹಿಡಿಯಿರಿ. ದೂರದಲ್ಲಿ ನಿಲ್ಲುವ ಔಟ್‌ಫೀಲ್ಡರ್‌ಗಳು ಹತ್ತನೇ ಸುತ್ತಿನಲ್ಲೂ ಒಳ್ಳೆಯವರೇ ಸಿಗುತ್ತಾರೆ.

ಫೈಲಿನ ಒಂದು ಪ್ರತಿ ತೆಗೆದಿಟ್ಟು, ಅದರಲ್ಲಿ ಒಂದು ಋತುವನ್ನು ಪೂರ್ತಿ ಓಡಿಸಿ ನೋಡಿ. ಇಡೀ ಲೀಗಿನ ಬ್ಯಾಟಿಂಗ್ ಸರಾಸರಿ ಆಧಾರ ವರ್ಷದ ಹತ್ತಿರ ಬಂದಿರಬೇಕು. ಅದು ಬಂದು, ಟೆಡ್ ವಿಲಿಯಮ್ಸ್ .290 ಹೊಡೆದಿದ್ದರೆ ರೇಟಿಂಗ್ ಮುಟ್ಟಬೇಡಿ: ಅವರೆದುರು ದಿನವೂ ವಾಲ್ಟರ್ ಜಾನ್ಸನ್, ಪೆಡ್ರೋ ಮಾರ್ಟಿನೆಝ್ ತರದವರೇ ಎಸೆಯುತ್ತಿದ್ದಾರೆ. ಲೀಗಿನ ಸರಾಸರಿಯೇ ತಪ್ಪಿದ್ದರೆ ಮಾತ್ರ ಆಧಾರ ವರ್ಷದ ಸೆಟ್ಟಿಂಗಿಗೆ ಹಿಂತಿರುಗಿ.