ಡೆಪಾಸಿಟ್ ಕಟ್ಟುವ ಮೊದಲು ಕ್ಯಾಲೆಂಡರ್ ನೋಡು

ಮಸ್ಕತ್ತಿನಲ್ಲಿ ಹನ್ನೆರಡನೇ ಕ್ಲಾಸು ಓದುತ್ತಿದ್ದಾಗ ನನ್ನ ಕೈಯಲ್ಲಿ ಬ್ರಿಟನ್ನಿನ ಮೂರು ವಿಶ್ವವಿದ್ಯಾಲಯಗಳ ಆಫರ್ ಇದ್ದವು. ಅಪ್ಪನ ಕಣ್ಣು ಮಾತ್ರ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ಮೇಲೆ. "ಅಲ್ಲಿ ಸಿಕ್ಕಿದ್ರೆ ಶನಿವಾರ ಬಸ್ ಹತ್ತಿದ್ರಾಯ್ತು, ಮೂಲ್ಕಿಯಲ್ಲಿ ಅಜ್ಜಿ ಮನೆ ಊಟ" ಅಂತ. ಈಗ ದೋಹಾದಲ್ಲಿರುವ ಮಾವನ ಮಗಳಿಗೂ ಅದೇ ಗೊಂದಲ. ಅವಳಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು.

ರ‍್ಯಾಂಕಿಂಗ್ ಪಟ್ಟಿ ಆಮೇಲೆ ನೋಡು ಮಾರಾಯ್ತಿ, ಮೊದಲು ತಾರೀಕುಗಳನ್ನು ಬರೆದಿಟ್ಟುಕೋ. ಸಿಬಿಎಸ್‌ಇ ರಿಸಲ್ಟ್ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಯುಕಾಸ್‌ನಲ್ಲಿ (ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ವೆಬ್‌ಸೈಟ್ ಅದು) ನೀನು ಅರ್ಜಿ ಹಾಕಿದ ಎಲ್ಲರೂ ಮೇ ಮಧ್ಯದೊಳಗೆ ಉತ್ತರ ಕೊಟ್ಟಿದ್ದರೆ, ನೀನು ಒಪ್ಪಿಗೆ ತಿಳಿಸಬೇಕಾದ್ದು ಹೆಚ್ಚುಕಡಿಮೆ ಜೂನ್ ಆರಂಭಕ್ಕೆ. ನಿನ್ನದೇ ಕೊನೆಯ ದಿನ ಅದರ ಖಾತೆಯಲ್ಲೇ ಕಾಣುತ್ತದೆ. ಎ-ಲೆವೆಲ್ (ಬ್ರಿಟನ್ನಿನ ಹನ್ನೆರಡನೇ ಕ್ಲಾಸು ಇದ್ದಂತೆ) ಓದುವವರಿಗೆ ಅಂಕ ಗೊತ್ತಾಗುವುದು ಆಗಸ್ಟಿನಲ್ಲಿ, ಅವರು ಕತ್ತಲಲ್ಲೇ ಆರಿಸಬೇಕು. ನಾವು ಅಂಕಪಟ್ಟಿ ಎದುರಿಗಿಟ್ಟುಕೊಂಡು ಆರಿಸಬಹುದು. ಇದನ್ನು ನನಗೆ ಯಾರೂ ಹೇಳಲಿಲ್ಲ.

ನಾನು ಮಾರ್ಚಿನಲ್ಲೇ ಒಪ್ಪಿಬಿಟ್ಟೆ. 'ಈ ತಿಂಗಳೊಳಗೆ ಡೆಪಾಸಿಟ್ ಕಟ್ಟಿದರೆ ಫೀಸಿನಲ್ಲಿ ರಿಯಾಯಿತಿ' ಎಂದು ಒಂದು ಕಡೆಯಿಂದ ವಾರಕ್ಕೆರಡು ಮೇಲ್ ಬರುತ್ತಿತ್ತು. 2,000 ಪೌಂಡ್ ಕಟ್ಟಿದೆವು. ನಿಯಮ ಓದಿದ್ದು ಕಟ್ಟಿದ ಮೇಲೆ: ವೀಸಾ ಸಿಗದಿದ್ದರೆ ಅಥವಾ ಕೇಳಿದಷ್ಟು ಅಂಕ ಬರದಿದ್ದರೆ ದುಡ್ಡು ವಾಪಸ್, ಮನಸ್ಸು ಬದಲಾದರೆ ಇಲ್ಲ. ಹಾಗಾಗಿ ಆಫರ್ ಪತ್ರಕ್ಕಿಂತ ಮೊದಲು ರೀಫಂಡ್ ಪುಟ ತೆರೆ.

ಏಕೆಂದರೆ ಡಾಸಾ (ಹೊರದೇಶದಲ್ಲಿ ಓದಿದವರಿಗೆ ಎನ್‌ಐಟಿಯಂಥ ಕಾಲೇಜುಗಳಲ್ಲಿ ಸೀಟು ಕೊಡುವ ಯೋಜನೆ) ಸೀಟು ಹಂಚಿಕೆ ಸಾಮಾನ್ಯವಾಗಿ ಇದೆಲ್ಲ ಮುಗಿದ ಮೇಲೆ. ಅಪ್ಪನೋ ಅಮ್ಮನೋ ಗಲ್ಫಿನಲ್ಲಿ ದುಡಿಯುತ್ತಿದ್ದು, ನೀನು 11 ಮತ್ತು 12 ಅಲ್ಲೇ ಓದಿದ್ದರೆ ಅದರೊಳಗಿನ ಸಿಐಡಬ್ಲ್ಯುಜಿಗೆ (ಗಲ್ಫಿನಲ್ಲಿ ದುಡಿಯುವ ಭಾರತೀಯರ ಮಕ್ಕಳ ಕೋಟಾ) ಅರ್ಜಿ ಹಾಕು. ಜೆಇಇ ಮೇನ್ ರ‍್ಯಾಂಕ್ ಬೇಕೇ ಬೇಕು. ಆದರೆ ಎನ್‌ಐಟಿಗಳಲ್ಲಿ ಟ್ಯೂಷನ್ ಫೀಸು ಊರಿನ ಮಕ್ಕಳಷ್ಟೇ, ಸೆಮಿಸ್ಟರಿಗೆ 62,500 ರೂಪಾಯಿ. ಬ್ರಿಟನ್ನಿನಲ್ಲಿ ಎಂಜಿನಿಯರಿಂಗ್‌ಗೆ ನಮ್ಮಂಥವರಿಗೆ ವರ್ಷಕ್ಕೆ 25,000 ಪೌಂಡ್ ದಾಟುವುದು ಮಾಮೂಲು. ಮೇಲಿಂದ ವೀಸಾ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಫೀಸು ಪ್ರತಿ ವರ್ಷ ಏರುತ್ತದೆಯೇ ಎಂದು ಮೇಲ್ ಹಾಕಿ ಕೇಳು, ಉತ್ತರವನ್ನು ಬರಹದಲ್ಲೇ ತರಿಸು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇರಬಹುದು ಎನ್ನುವ ಏಜೆಂಟನ್ನು ನಂಬಬೇಡ. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದು 18 ತಿಂಗಳು.

ಬ್ರಿಟನ್ನೇ ಆದರೆ ಫರ್ಮ್ (ಮೊದಲ ಆಯ್ಕೆ) ಒಂದು, ಇನ್ಶೂರೆನ್ಸ್ (ಅದು ತಪ್ಪಿದರೆ ಹಿಡಿಯಲು) ಒಂದು. ಇನ್ಶೂರೆನ್ಸಿಗೆ ಕಡಿಮೆ ಅಂಕ ಕೇಳಿದ್ದನ್ನೇ ಇಡು. ನಾನು ಎರಡಕ್ಕೂ 85 ಪರ್ಸೆಂಟ್ ಕೇಳಿದ್ದನ್ನೇ ಇಟ್ಟಿದ್ದೆ! ಒಂದು ತಪ್ಪಿದರೆ ಇನ್ನೊಂದೂ ತಪ್ಪುತ್ತಿತ್ತು. ಫರ್ಮ್ ತಪ್ಪಿದರೆ ನಿನ್ನ ಸೀಟು ಇರುವ ಊರು ಅದು, ಅಲ್ಲಿನ ಹಾಸ್ಟೆಲ್ ಬಾಡಿಗೆಯನ್ನೂ ಮೊದಲೇ ನೋಡಿಕೋ.

ಜುಲೈನಲ್ಲಿ ನನಗೆ ಸುರತ್ಕಲ್ಲಿನಲ್ಲಿ ಸಿವಿಲ್ ಸಿಕ್ಕಿತು. ಬಯಸಿದ್ದು ಮೆಕ್ಯಾನಿಕಲ್. ಆದರೂ ಬಂದೆ, ಈಗ ಎರಡನೇ ವರ್ಷ. ಆ 2,000 ಪೌಂಡ್ ವಿಷಯ ಅಜ್ಜಿಗೆ ಇನ್ನೂ ಹೇಳಿಲ್ಲ.