ಲೆಬನಾನಿನಲ್ಲಿ ನಾನು ಪ್ರಶ್ನೆ ಕೇಳುವ ರೀತಿ

ಬೈರೂತ್‌ನಲ್ಲಿ ವರದಿ ಮಾಡುವಾಗ ನಾನು ಯಾರನ್ನೂ "ನಿಮ್ಮದು ಯಾವ ಧಾರ್ಮಿಕ ಪಂಗಡ?" ಎಂದು ಕೇಳುವುದಿಲ್ಲ. ಹೆಸರು, ಊರು, ಬೀದಿ ಗೊತ್ತಾದರೆ ಬಹುಪಾಲು ತಿಳಿದುಹೋಗುತ್ತದೆ. ಬಾಯಿಬಿಟ್ಟು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಅದರ ಬದಲು ಶಾಲೆಯ ಬಗ್ಗೆ ಕೇಳುತ್ತೇನೆ. ಚರಿತ್ರೆ ಪಾಠ ಎಲ್ಲಿಗೆ ಮುಗಿಯಿತು? 1943ರ ಸ್ವಾತಂತ್ರ್ಯದ ಆಸುಪಾಸಿಗೆ ಎನ್ನುತ್ತಾರೆ ಹೆಚ್ಚಿನವರು. 1975ರಿಂದ 1990ರವರೆಗೆ ನಡೆದ ಅಂತರ್ಯುದ್ಧದ ಬಗ್ಗೆ ಎಲ್ಲರೂ ಒಪ್ಪುವ ಒಂದು ಪಾಠ ಬರೆಯಲು ಇನ್ನೂ ಆಗಿಲ್ಲ. "ಹಾಗಾದರೆ ಯುದ್ಧದ ವಿಷಯ ನಿಮಗೆ ಹೇಳಿದ್ದು ಯಾರು?" ಎಂದರೆ ಸಾಕು, ಅಜ್ಜಿ, ಚಿಕ್ಕಪ್ಪ, ಪಕ್ಷದ ಟಿವಿ ಚಾನೆಲ್ ಎಲ್ಲವೂ ಒಂದೊಂದಾಗಿ ಹೊರಬರುತ್ತವೆ. 1991ರಲ್ಲಿ ಕ್ಷಮಾದಾನದ ಕಾಯ್ದೆ ತಂದರು, ಬಂದೂಕು ಹಿಡಿಸಿದ ನಾಯಕರೇ ಮಂತ್ರಿಗಳಾದರು, ಕಾಣೆಯಾದ ಸಾವಿರಾರು ಜನರ ಮನೆಯವರು ಇಂದಿಗೂ ಉತ್ತರಕ್ಕೆ ಕಾಯುತ್ತಿದ್ದಾರೆ. ಇದನ್ನು ಬರೆಯುವಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಜನಗಣತಿ ಇನ್ನೊಂದು ಮುಟ್ಟಬಾರದ ವಿಷಯ. ಕೊನೆಯದು ನಡೆದದ್ದು 1932ರಲ್ಲಿ. ಅಧ್ಯಕ್ಷ ಮ್ಯಾರೋನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ ಎಂಬ ಹಂಚಿಕೆ ಇರುವಾಗ ತಲೆ ಎಣಿಸಿದರೆ ಕುರ್ಚಿ ಅಲುಗಾಡುತ್ತದೆ ಅಲ್ವಾ? ಒಳಗಿನ ಲೆಕ್ಕ ತೆಗೆಯುವಂತಿಲ್ಲ, ಹಾಗಾಗಿ ಪ್ರತಿ ಗುಂಪೂ ತನ್ನ ತೂಕವನ್ನು ಹೊರಗಿನಿಂದ ತರುತ್ತದೆ ಎಂಬುದು ನನ್ನ ಅಭಿಪ್ರಾಯ. ಶಿಯಾ ಪಕ್ಷವೂ ಸಶಸ್ತ್ರ ಪಡೆಯೂ ಆಗಿರುವ ಹಿಜ್ಬುಲ್ಲಾಗೆ ಇರಾನ್ ಬೆಂಬಲ ಇದಕ್ಕೆ ದೊಡ್ಡ ಉದಾಹರಣೆ, ಆದರೆ ಅದೊಂದೇ ಅಲ್ಲ.

ಇದನ್ನು ಹಿಡಿಯೋಕೆ ನಾನು ಮಾಡುವ ಕೆಲಸ ಸುಲಭ. ಯಾವ ಒಪ್ಪಂದವಾದರೂ ಅದು ಯಾವ ಊರಿನಲ್ಲಿ ಆಯಿತು ಎಂದು ಪಕ್ಕದಲ್ಲೇ ಬರೆದಿಡುತ್ತೇನೆ. ಅಂತರ್ಯುದ್ಧ ಮುಗಿಯಲು ದಾರಿ ಮಾಡಿದ 1989ರ ಒಪ್ಪಂದ ಸೌದಿಯ ತಾಯಿಫ್‌ನಲ್ಲಿ. 2008ರದ್ದು ಕತಾರಿನ ದೋಹಾದಲ್ಲಿ. 2017ರಲ್ಲಿ ಪ್ರಧಾನಿ ಸಾದ್ ಹರೀರಿ ರಾಜೀನಾಮೆ ಘೋಷಿಸಿದ್ದು ರಿಯಾದ್‌ನಿಂದ, ಟಿವಿಯಲ್ಲಿ. ಆಮೇಲೆ ಮನೆಗೆ ಬಂದು ವಾಪಸ್ ತೆಗೆದುಕೊಂಡರು. ಸಿರಿಯಾ ಸೇನೆಯಂತೂ 1976ರಿಂದ 2005ರವರೆಗೆ ದೇಶದೊಳಗೇ ಇತ್ತು.

ಇಸ್ರೇಲ್ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಇಸ್ರೇಲಿಗಳೊಂದಿಗೆ ಸಂಪರ್ಕ ಅಲ್ಲಿ ಕಾನೂನಿನ ಪ್ರಕಾರ ಅಪರಾಧ, 1955ರ ಬಹಿಷ್ಕಾರ ಕಾಯ್ದೆ ಈಗಲೂ ಇದೆ. 2022ರ ಕಡಲ ಗಡಿ ಒಪ್ಪಂದವನ್ನೂ ಅಮೆರಿಕದ ಮಧ್ಯವರ್ತಿಯೇ ಎರಡೂ ಕಡೆ ಓಡಾಡಿ ಕುದುರಿಸಿದರು. ಆದ್ದರಿಂದ ಎರಡೂ ದೇಶದವರನ್ನು ನಾನು ಒಂದೇ ಆನ್‌ಲೈನ್ ಮಾತುಕತೆಗೆ ಎಂದೂ ಕೂರಿಸುವುದಿಲ್ಲ. ತೊಂದರೆ ಬೀಳುವುದು ನನಗಲ್ಲ, ಲೆಬನಾನಿನವರಿಗೆ.

ಪತ್ರಕರ್ತ ಸಮೀರ್ ಕಸೀರ್ 2005ರಲ್ಲಿ ಕಾರ್ ಬಾಂಬಿಗೆ ಬಲಿಯಾದರು. ಹಿಜ್ಬುಲ್ಲಾವನ್ನು ಟೀಕಿಸುತ್ತಿದ್ದ ಪ್ರಕಾಶಕ ಲುಕ್ಮಾನ್ ಸ್ಲೀಮ್‌ರನ್ನು 2021ರಲ್ಲಿ ಗುಂಡಿಕ್ಕಿ ಕೊಂದರು. ಹಾಗಾಗಿ ಯಾರದೇ ಮಾತನ್ನು ಅಚ್ಚಿಗೆ ಕಳಿಸುವ ಮುಂಚೆ ಅವರಿಗೇ ಓದಿ ಹೇಳಿ, ಹೆಸರು ಹಾಕಲೇ ಎಂದು ಮತ್ತೆ ಕೇಳುತ್ತೇನೆ. ಬೇಡ ಅಂದರೆ ಊರು, ಕೆಲಸ ಎರಡನ್ನೂ ತೆಗೆಯುತ್ತೇನೆ. ಸಣ್ಣ ದೇಶ, ಅಷ್ಟು ಸಿಕ್ಕರೂ ಜನ ಗುರುತು ಹಿಡಿದುಬಿಡುತ್ತಾರೆ.