ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದೆ ಜಿಂಜಿವಾಲಿಸ್ ವೆಸಿಕಲ್ ತೆಗೆದದ್ದು: ನನ್ನ ಅನುಭವ

ವೆಸಿಕಲ್ ಅಂದರೆ ಬ್ಯಾಕ್ಟೀರಿಯಾ ತನ್ನ ಹೊರಪೊರೆಯಿಂದ ಉದುರಿಸೋ ಅತಿ ಸಣ್ಣ ಗುಳ್ಳೆ. ಅಲ್ಟ್ರಾಸೆಂಟ್ರಿಫ್ಯೂಜ್ (ಭಾರೀ ವೇಗದಲ್ಲಿ ತಿರುಗಿಸಿ ಇಂಥ ಕಣಗಳನ್ನು ತಳಕ್ಕಿಳಿಸೋ ಯಂತ್ರ) ಇಲ್ಲದೆ ವೆಸಿಕಲ್ ಕೆಲಸಕ್ಕೆ ಕೈ ಹಾಕಬೇಡಿ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಒಬ್ಬ ಹಿರಿಯರಂತೂ ನಕ್ಕೇಬಿಟ್ಟರು. ಈಗ ಅವರ ವಿದ್ಯಾರ್ಥಿಗಳೇ ಪ್ರೋಟೋಕಾಲ್ ಕೇಳಿ ಫೋನ್ ಮಾಡುತ್ತಾರೆ. ಅದಕ್ಕೇ ಬರೆದಿಡೋಣ ಅನ್ನಿಸಿತು.

ನಮ್ಮದು ಡೆಂಟಲ್ ಕಾಲೇಜಿನ ಸಣ್ಣ ಲ್ಯಾಬ್. ಅನಿರೋಬಿಕ್ ಜಾರ್ (ಆಮ್ಲಜನಕ ಇಲ್ಲದೆ ಬೆಳೆಸೋ ಡಬ್ಬಿ), ಕೂಲಿಂಗ್ ಸೆಂಟ್ರಿಫ್ಯೂಜ್, ಬಣ್ಣ ಅಳೆಯೋ ಹಳೆಯ ಪ್ಲೇಟ್ ರೀಡರ್, ಸೆಲ್ ಕಲ್ಚರ್‌ಗೆ ಒಂದು ಹುಡ್. ಇಷ್ಟೇ ಬಂಡವಾಳ. ವಸಡಿನ ರೋಗ ತರೋ ಬ್ಯಾಕ್ಟೀರಿಯಾ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಬೆಳೆಸೋದು ನಿಮಗೆಲ್ಲ ಗೊತ್ತಿರೋದೇ. ಹೀಮಿನ್, ವಿಟಮಿನ್ ಕೆ, ತಾಳ್ಮೆ, ಮತ್ತೆ ಆ ವಾಸನೆ. ಪಕ್ಕದ ಡಿಪಾರ್ಟ್‌ಮೆಂಟಿನವರು ಡ್ರೈನೇಜ್ ಒಡೆದಿದೆ ಅಂತ ದೂರು ಕೊಟ್ಟದ್ದೂ ಉಂಟು.

ಶುರುವಿನಲ್ಲಿ ನಾವೂ ಎಲ್ಲರ ದಾರಿಯಲ್ಲೇ ಹೋದೆವು. ಬ್ರಾತ್ (ಬ್ಯಾಕ್ಟೀರಿಯಾ ಬೆಳೆದ ದ್ರವ) ಸ್ಪಿನ್ ಮಾಡಿ, ಫಿಲ್ಟರ್ ಮಾಡಿ, ಐಸ್ ಬಾಕ್ಸಿಗೆ ತುಂಬಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರು. ಅಲ್ಲಿ ಒಂದು ಕಡೆ ಅಲ್ಟ್ರಾಸೆಂಟ್ರಿಫ್ಯೂಜ್ ಬಾಡಿಗೆಗೆ ಸಿಗುತ್ತಿತ್ತು. ಒಂದು ರನ್ನಿಗೆ 2,000 ರೂಪಾಯಿ ಮೇಲೆ, ಬಸ್ಸು, ಊಟ ಬೇರೆ. ಸರದಿ ಬರೋಕೆ ವಾರಗಟ್ಟಲೆ. ಕೊನೆಗೆ ಸಿಗುತ್ತಿದ್ದದ್ದು ಕಂದು ಬಣ್ಣದ ಒಂದು ಚುಕ್ಕೆ ಪೆಲೆಟ್. ಪ್ರೋಟೀನ್ ಇದೆ, ಆದರೆ ಬಾಪ್ನಾ (ಈ ಬ್ಯಾಕ್ಟೀರಿಯಾದ ಪ್ರೋಟೀನ್ ಕತ್ತರಿಸೋ ಕಿಣ್ವ ಜಿಂಜಿಪೇನ್ ಕೆಲಸ ಮಾಡಿದರೆ ಹಳದಿಯಾಗೋ ರಾಸಾಯನಿಕ) ಹಾಕಿದರೆ ಹಳದಿಯೇ ಬರೋದಿಲ್ಲ.

ಕಾರಣ ಹೊಳೆಯೋಕೆ ತುಂಬ ದಿನ ಹಿಡಿಯಿತು. ನಮ್ಮ ಬ್ರಾತ್‌ನಲ್ಲಿ ಆಮ್ಲಜನಕ ತಡೆಯೋಕೆ ಸಿಸ್ಟೀನ್ (ಒಂದು ಅಮೈನೋ ಆಮ್ಲ) ಹಾಕಿರುತ್ತೇವೆ. ಜಿಂಜಿಪೇನ್‌ಗಳಿಗೂ ಅದೇ ಬೇಕು. ಸಿಸ್ಟೀನ್ ಇದ್ದರೆ ಅವು ಎಚ್ಚರ. ಐಸ್ ಬಾಕ್ಸಿನಲ್ಲಿ ಐಸ್ ಕರಗುತ್ತಾ ಬಂದ ಹಾಗೆ ಅವು ತಮ್ಮನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದವು. ಬೆಂಗಳೂರು ಮುಟ್ಟೋ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು.

ಹಾಗಾಗಿ ದಾರಿ ಬದಲಾಯಿಸಿದೆ. ಸುಮಾರು 300 ಎಂಎಲ್ ಕಲ್ಚರ್, 48 ಗಂಟೆ ದಾಟಿಸೋದಿಲ್ಲ. ನಾಲ್ಕೈದು ದಿನ ಬಿಟ್ಟರೆ ಇಳುವರಿ ಜಾಸ್ತಿ ಕಾಣುತ್ತೆ, ನಿಜ. ಆದರೆ ಅದರಲ್ಲಿ ಸತ್ತು ಒಡೆದ ಬ್ಯಾಕ್ಟೀರಿಯಾದ ಚೂರುಗಳೇ ಹೆಚ್ಚು. ಅದನ್ನು ವೆಸಿಕಲ್ ಅಂತ ಪ್ರಕಟಿಸೋರು ಪ್ರಕಟಿಸಲಿ. ಸ್ಪಿನ್ ಆದ ಮೇಲೆ 0.45, ಆಮೇಲೆ 0.22 ಮೈಕ್ರಾನ್ ರಂಧ್ರದ ಪಿಇಎಸ್ ಫಿಲ್ಟರ್. ನೇರವಾಗಿ 0.22ಕ್ಕೆ ಹಾಕಿದರೆ ಕಟ್ಟಿಕೊಂಡು ನಿಲ್ಲುತ್ತೆ. ಫಿಲ್ಟರ್‌ಗೇ ಆಗ ಸಾವಿರಗಟ್ಟಲೆ ಹೋಯಿತು.

ಇನ್ನು ನೀರು ತೆಗೆಯೋ ಕೆಲಸ. 100 ಕೆಡಿಎ (ಅಣುವಿನ ತೂಕದ ಅಳತೆ, ಅದಕ್ಕಿಂತ ದೊಡ್ಡದು ಒಳಗೇ ಉಳಿಯುತ್ತೆ) ಸ್ಪಿನ್ ಕಾನ್ಸೆಂಟ್ರೇಟರ್ ಒಳ್ಳೆಯದೇ, ಆದರೆ ನಮ್ಮ ಜೇಬಿಗಲ್ಲ. ನೀರು, ಸಣ್ಣ ಅಣುಗಳನ್ನಷ್ಟೇ ಹೊರಬಿಡೋ ಹಳೇ ಕಾಲದ ಡಯಾಲಿಸಿಸ್ ಚೀಲ ತೆಗೆದೆ. 12-14 ಕೆಡಿಎ ಸಾಕು. ಒಳಗೆ ಫಿಲ್ಟರ್ ಮಾಡಿದ ಬ್ರಾತ್, ಹೊರಗೆ ಒಣ ಪಿಇಜಿ 20,000 (ಪಾಲಿಎಥಿಲೀನ್ ಗ್ಲೈಕಾಲ್) ಪುಡಿ. ಉಪ್ಪಿನಕಾಯಿಗೆ ಉಪ್ಪು ಹಾಕಿದ ಹಾಗೆ ಅದು ನೀರೆಳೆಯುತ್ತೆ. ಫ್ರಿಜ್ಜಿನಲ್ಲಿಟ್ಟು, ಒದ್ದೆಯಾದ ಪುಡಿ ಬದಲಾಯಿಸುತ್ತಾ ಹೋದರೆ ಮರುದಿನಕ್ಕೆ ಉಬ್ಬಿದ ಚೀಲ ಸೊರಗಿ ತಳದಲ್ಲಿ ಎರಡು ಮೂರು ಎಂಎಲ್ ಉಳಿದಿರುತ್ತೆ. ನೀರಿನ ಜೊತೆ ಸಿಸ್ಟೀನೂ ಹೊರಗೆ ಹೋಗುತ್ತೆ. ಫ್ರಿಜ್ಜಿನ ತಂಪಿಗೆ ಕಿಣ್ವವೂ ಮಲಗುತ್ತೆ.  ಚೀಲದ ಗೋಡೆಗೆ ಅಂಟಿದ ವೆಸಿಕಲ್ ಬಿಡಿಸೋಕೆ ನಂದೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳೋದಿಲ್ಲ, ಪೇಪರ್ ಇನ್ನೂ ಬರಬೇಕು.

ಇನ್ನು ವೆಸಿಕಲನ್ನೂ ಬಿಡಿ ಪ್ರೋಟೀನನ್ನೂ ಬೇರೆ ಮಾಡೋಕೆ ಕಾಲಮ್. ನಮ್ಮ ಕಾಲಮ್ ಅಂದರೆ 10 ಎಂಎಲ್ ಸಿರಿಂಜ್. ತಳಕ್ಕೆ ನೈಲಾನ್ ಸ್ಟಾಕಿಂಗ್ ತುಂಡು, ಮೇಲೆ ಸೆಫರೋಸ್ ಸಿಎಲ್-2ಬಿ (ದೊಡ್ಡ ಕಣ ಮೊದಲು, ಸಣ್ಣದು ಆಮೇಲೆ ಇಳಿಯೋ ಹಾಗೆ ಮಾಡೋ ಜೆಲ್ ಮಣಿ). ಅರ್ಧ ಎಂಎಲ್ ಲೋಡ್ ಮಾಡಿ, ಅರ್ಧರ್ಧ ಎಂಎಲ್ ಹಿಡಿಯುತ್ತಾ ಹೋಗಿ. ಏಳನೆಯ ಟ್ಯೂಬಿನ ಆಸುಪಾಸಿನಲ್ಲಿ ವೆಸಿಕಲ್ ಇಳಿಯೋಕೆ ಶುರು. ಕಣ್ಣಿಗೆ ಏನೂ ಕಾಣದಿದ್ದರೂ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕಿನ ಕೋಲು ಮಂಜಿನೊಳಗೆ ಹಾದು ಹೋದಂತೆ ನಿಲ್ಲುತ್ತೆ. ವೆಸಿಕಲ್ ಇಲ್ಲದ ಟ್ಯೂಬಿನಲ್ಲಿ ಆ ಕೋಲು ಇರೋದಿಲ್ಲ. ಬಿಡಿ ಪ್ರೋಟೀನ್ ಬರೋದು ಆಮೇಲೆ, ಹದಿನೈದು ದಾಟಿದ ಮೇಲೆ.

ಈಗ ಸಿಸ್ಟೀನ್ ಸೇರಿಸಿ ಬಾಪ್ನಾ ಹಾಕಿದೆ. ವೆಸಿಕಲ್ ಟ್ಯೂಬುಗಳು ಕೆಲವೇ ನಿಮಿಷದಲ್ಲಿ ಹಳದಿಯಾದವು. ಗ್ರಾಫ್ ಹಾಕಿದರೆ ಎರಡು ಗುಡ್ಡೆ ಬಂದವು, ಮೊದಲನೆಯದೇ (ವೆಸಿಕಲ್‌ದು) ಎತ್ತರ. ನಮ್ಮ ಕಲ್ಚರಿನಲ್ಲಿ ಹೊರಗೆ ಸಿಕ್ಕ ಆರ್‌ಜಿಪಿ (ಅರ್ಜಿನೈನ್ ಬಳಿ ಪ್ರೋಟೀನ್ ಕತ್ತರಿಸೋ ಜಿಂಜಿಪೇನ್) ಚಟುವಟಿಕೆಯ ದೊಡ್ಡ ಪಾಲು ವೆಸಿಕಲ್ ಮೇಲೇ ಸವಾರಿ ಮಾಡುತ್ತಿತ್ತು, ನೆನಪಿದ್ದಂತೆ ಮುಕ್ಕಾಲಿನ ಹತ್ತಿರ. ಒಂದು ಮಾತು: ಸಿಸ್ಟೀನ್ ಹಾಕಿದ ಸ್ಯಾಂಪಲ್ಲಿಗೆ ಬಿಸಿಎ (ಪ್ರೋಟೀನ್ ಅಳೆಯೋ ಪರೀಕ್ಷೆ) ಮಾಡಬೇಡಿ, ಸುಳ್ಳು ಹೇಳುತ್ತೆ. ಬ್ರಾಡ್‌ಫೋರ್ಡ್ ಮಾಡಿ.

ಆದರೆ ನನಗೆ ಬೇಕಾಗಿದ್ದು ಜೀವಕೋಶದ ಮೇಲಿನ ಆಟ. ಬ್ಯಾಕ್ಟೀರಿಯಾಕ್ಕೆ ಗಾಳಿ ಆಗೋದಿಲ್ಲ, ಹೆಚ್ಚಾಗಿ ವಸಡಿನ ಸಂದಿಯಲ್ಲೇ ಕೂರುತ್ತೆ. ವೆಸಿಕಲ್‌ಗೆ ಬದುಕೋ ಹಂಗೇ ಇಲ್ಲ. ಜಿಂಜಿಪೇನ್, ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷ) ಹೊತ್ತುಕೊಂಡು ಒಡೆಯ ಹೋಗಲಾಗದ ಕಡೆಗೂ ಹೋಗುತ್ತೆ. ವಸಡಿನ ಅಂಗಾಂಶ ಕಟ್ಟೋ ಕೋಶ ಫೈಬ್ರೋಬ್ಲಾಸ್ಟ್‌ಗೆ ಎಂಎಲ್‌ಗೆ ಐದು ಮೈಕ್ರೋಗ್ರಾಂ ಆಸುಪಾಸು ವೆಸಿಕಲ್ ಹಾಕಿದೆ. ಏನೂ ಆಗಲಿಲ್ಲ. ಮತ್ತೆ ಹಾಕಿದೆ, ಊಹೂಂ. ಗೈಡ್ ಮುಖದಲ್ಲಿ ‘ನಾನು ಹೇಳಿರಲಿಲ್ವಾ’ ಅನ್ನೋ ಕಳೆ. ತೊಂದರೆ ಮೀಡಿಯಂನ ಸೀರಮ್‌ನಲ್ಲಿತ್ತು. ಅದರ ಪ್ರೋಟೀನ್ ಕತ್ತರಿಸೋದರಲ್ಲೇ ಕಿಣ್ವ ವ್ಯಸ್ತ. ಸೀರಮ್ ತೆಗೆದ ಮೇಲೆ ಎರಡು ಮೂರು ಗಂಟೆಯಲ್ಲಿ ಉದ್ದುದ್ದ ಮಲಗಿದ್ದ ಕೋಶಗಳು ಕಾಲೆಳೆದುಕೊಂಡು ಗುಂಡಗಾದವು. ಸಂಜೆಗೆ ತೇಲುತ್ತಿದ್ದವು. ಟಿಎಲ್‌ಸಿಕೆ ಅನ್ನೋ ಕಿಣ್ವ ತಡೆಯೋ ರಾಸಾಯನಿಕದಿಂದ ಜಿಂಜಿಪೇನ್ ಕೊಂದು, ಉಳಿದ ಟಿಎಲ್‌ಸಿಕೆಯನ್ನು ಕಾಲಮ್‌ನಲ್ಲಿ ಬೇರೆ ಮಾಡಿ ಹಾಕಿದರೆ ಕೋಶಗಳು ಇದ್ದ ಹಾಗೇ ಇದ್ದವು. ಅದನ್ನು ಬೇರೆ ಮಾಡದಿದ್ದರೆ ಅದೇ ಕೋಶಗಳನ್ನು ಸಾಯಿಸುತ್ತೆ, ಗಮನ ಇರಲಿ. ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ ಆ ಪ್ಲೇಟಿನಲ್ಲಿರಲಿಲ್ಲ. ಅದನ್ನು ಖಾತ್ರಿ ಮಾಡೋಕೆ ಬ್ಲಡ್ ಅಗಾರ್‌ಗೂ ಹಾಕಿ ವಾರ ಕಾದಿದ್ದೇನೆ.

ನಡುವೆ ಸುಮ್ನೆ ಒಂದಷ್ಟು ಆಟ ಆಡಿದೆ. ಆಕ್ಟಿನೊಮೈಸಿಸ್ (ಬಾಯಿಯ ಇನ್ನೊಂದು ಬ್ಯಾಕ್ಟೀರಿಯಾ) ಟ್ಯೂಬಿಗೆ ವೆಸಿಕಲ್ ಹಾಕಿದರೆ ಕೋಶಗಳು ಒಂದಕ್ಕೊಂದು ಅಂಟಿ ಗಂಟು ಗಂಟಾಗಿ ತಳಕ್ಕೆ ಇಳಿದವು. ಇದು 80ರ ದಶಕದಿಂದ ಗೊತ್ತಿರೋದೇ, ಆದರೂ ಕಣ್ಣಾರೆ ನೋಡೋ ಖುಷಿ ಬೇರೆ. ಪ್ಲಾಕ್ (ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಪದರ) ಕಟ್ಟೋಕೂ ಇವು ಗಾರೆ ಕೊಡುತ್ತವೆ ಅಂತಾಯಿತು. ಅರಿಶಿನ ಜಿಂಜಿಪೇನ್ ತಡೆಯುತ್ತಾ ಅಂತ ಕರ್ಕ್ಯುಮಿನ್ ಹಾಕಿದೆ. ಬಾಪ್ನಾ ಓದೋದು 405 ನ್ಯಾನೋಮೀಟರ್ ಬೆಳಕಿನಲ್ಲಿ, ಅರಿಶಿನವೂ ಅಲ್ಲೇ ಹಳದಿ. ಪ್ಲೇಟ್ ಪೂರ್ತಿ ಮದುವೆ ಮನೆ. ಗ್ರೀನ್ ಟೀ ಕ್ಯಾಟೆಚಿನ್ ಹಾಕಿದಾಗ ಮಾತ್ರ, ಬ್ಲ್ಯಾಂಕ್ (ಅದರದ್ದೇ ಬಣ್ಣ) ಕಳೆದ ಮೇಲೂ, ಚಟುವಟಿಕೆ ಚೆನ್ನಾಗಿ ಇಳಿಯಿತು.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಕೊಟ್ಟ ಮೊದಲ ಗ್ರಿಡ್‌ಗಳಲ್ಲಿ ಬರೀ ಹರಳು. ಕಾಲಮ್‌ಗೆ ಬಳಸಿದ್ದ ಬಫರ್ ಪಿಬಿಎಸ್‌ನ ಫಾಸ್ಫೇಟ್, ಚಿತ್ರ ಎದ್ದು ಕಾಣೋಕೆ ಹಾಕೋ ಯುರೇನೈಲ್ ಅಸಿಟೇಟ್ ಜೊತೆ ಸೇರಿ ಮಾಡಿದ ಕೆಲಸ. ಆಗ ಇದ್ದ ದರದಲ್ಲಿ ಒಂದು ಸ್ಯಾಂಪಲ್ಲಿಗೆ 1,500 ರೂಪಾಯಿ ಹತ್ತಿರ ಕೊಟ್ಟು ಹರಳು ನೋಡೋದು ಯಾರಿಗೆ ಬೇಕು? ಕಾಲಮ್ ಬಫರನ್ನು ಫಾಸ್ಫೇಟ್ ಇಲ್ಲದ ಹೆಪಿಸ್‌ಗೆ ಬದಲಾಯಿಸಿದ ಮೇಲೆ ದುಂಡು ದುಂಡಾಗಿ ಬಂದವು, ಹೆಚ್ಚಿನವು 50ರಿಂದ 150 ನ್ಯಾನೋಮೀಟರ್ ಒಳಗೆ.

ಒಟ್ಟು ಖರ್ಚು ಕೇಳುತ್ತೀರಿ. ಸೆಫರೋಸ್ ದೊಡ್ಡ ಖರ್ಚು, ನಾನು ಕೊಂಡಾಗ 20,000 ರೂಪಾಯಿ ಆಸುಪಾಸು ಇತ್ತು, ಆದರೆ ಒಂದು ಬಾಟಲಿಯಲ್ಲಿ ಬೇಕಾದಷ್ಟು ಸಿರಿಂಜ್ ತುಂಬಬಹುದು. ಚೀಲ, ಪಿಇಜಿ ಲೆಕ್ಕಕ್ಕಿಲ್ಲ. ಕೆಲಸ ಮುಗಿದ ಮೇಲೆ ಕಾಲಮ್ ತೊಳೆದು 20% ಎಥನಾಲ್‌ನಲ್ಲಿ ಇಡಿ. ವೆಸಿಕಲನ್ನು ಸಣ್ಣ ಸಣ್ಣ ಪಾಲು ಮಾಡಿ −80 ಡಿಗ್ರಿ ಫ್ರೀಜರಿಗೆ ಹಾಕಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.